ಗಿರಣಿ ಖಾತೆಯ ಕೊನೆಯ ಬಾಕಿ

ನಾನು ಬ್ಯಾಂಕಿಗೆ ಕಾಲಿಟ್ಟರೆ ಏನಾದರೂ ಒಂದು ಆಗದೆ ಇರುವುದಿಲ್ಲ. ಬೇರೆಯವರು ಹೋಗುತ್ತಾರೆ, ದುಡ್ಡು ಕಟ್ಟುತ್ತಾರೆ, ಬರುತ್ತಾರೆ. ನಾನು ಹೋದರೆ ಒಳಗಿರುವವರೆಲ್ಲ ಎದ್ದು ನಿಲ್ಲಬೇಕಾಗುತ್ತದೆ.

ಓದಿದ್ದು ನಾಲ್ಕನೇ ಕ್ಲಾಸು. ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೆ. ರಾಗಿ, ಗೋಧಿ, ಖಾರದ ಪುಡಿ. ಗಿರಣಿ ಸದ್ದಿನಲ್ಲಿ ಜೋರಾಗಿ ಮಾತಾಡಿ ಅಭ್ಯಾಸ. ಈಗಲೂ ನಾನು ಗುಟ್ಟು ಹೇಳಿದರೆ ಬೀದಿಗೆ ಕೇಳುತ್ತದೆ. ಬ್ಯಾಂಕಿನ ವ್ಯವಹಾರವೆಲ್ಲ ನಮ್ಮ ಮನೆಯವಳದು. ಹೋದ ವರ್ಷ ಅವಳು ಹೋದಳು. ಖಾತೆ ಉಳಿಯಿತು.

ಖಾತೆಯಲ್ಲಿ ಓವರ್‌ಡ್ರಾಫ್ಟೂ ಉಳಿಯಿತು. ಅಂದರೆ, ನಮ್ಮ ಖಾತೆಯಲ್ಲಿ ಇಲ್ಲದ ದುಡ್ಡನ್ನು ತೆಗೆಯಲು ಬಿಡುವುದು, ಆಮೇಲೆ ಬಡ್ಡಿ ಹಾಕುವುದು. ಗಿರಣಿ ಮುಚ್ಚಿದಾಗ ಸ್ವಲ್ಪ ಬಾಕಿ ಇತ್ತು. ಆಸ್ಪತ್ರೆ ಓಡಾಟದಲ್ಲಿ ಖಾತೆಯನ್ನು ನಾವು ಮರೆತೆವು. ಖಾತೆ ನಮ್ಮನ್ನು ಮರೆಯಲಿಲ್ಲ.

ಸಾಲ ದೊಡ್ಡದಲ್ಲ. ಆದರೆ ಪಾಸ್‌ಬುಕ್ಕಿನಲ್ಲಿ ಮೊದಲ ಹೆಸರು ಅವಳದು, ನನ್ನದು ಎರಡನೆಯದು. ಹೋದವರ ಹೆಸರಲ್ಲಿ ಸಾಲ ಇದ್ದರೆ ವರ್ಷದ ಎಡೆ ಅವರಿಗೆ ಮುಟ್ಟಲ್ಲ ಅಂತ ನಮ್ಮ ಕಡೆ ಒಂದು ಮಾತಿದೆ. ನಿಜವೋ ಸುಳ್ಳೋ. ಕೇಳೋಣ ಅಂದರೆ ಅಲ್ಲಿಗೆ ಹೋಗಿ ವಾಪಸ್ ಬಂದವರು ಯಾರೂ ಇಲ್ಲ. ವರ್ಷದ ಎಡೆಯೊಳಗೆ ತೀರಿಸಿಬಿಡಬೇಕು ಅಂತ ಹೊರಟೆ.

ಸಾಲ ಸಿಕ್ಕಿದ್ದು

ಮೊದಲು, ಆ ಸಾಲ ಸಿಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ಗಿರಣಿಗೆ ಇನ್ನೊಂದು ಯಂತ್ರ ಬೇಕಿತ್ತು. ಜಾಗ ನೋಡದೆ ಕೊಡಲ್ಲ ಅಂದರು ಆಗಿನ ಮ್ಯಾನೇಜರು. ಅವರು ಬರುವ ದಿನ ನಾನು ಗೋಧಿ ಹಾಕಿ ಕೂತಿದ್ದೆ. ಇವಳು ಬಂದು, "ಅದನ್ನ ತೆಗೀರಿ. ಗುಂಟೂರು ಮೆಣಸಿನಕಾಯಿ ಹಾಕಿ" ಅಂದಳು.

"ಅವರು ಬರೋ ಹೊತ್ತು ಕಣೇ."

"ಅದಕ್ಕೇ ಹೇಳ್ತಿರೋದು."

ಮ್ಯಾನೇಜರು ಬಂದರು. ಬಿಳಿ ಶರ್ಟು, ಟೈ. ಹೊಸ್ತಿಲು ದಾಟಿದರು. ಒಂದು ಸೀನು. "ತಿಂಗಳಿಗೆ ವ್ಯಾಪಾರ ಎಷ್ಟು..." ಇನ್ನೊಂದು ಸೀನು. "ಲೈಸೆನ್ಸು..." ಅದಾದ ಮೇಲೆ ಲೆಕ್ಕವಿಲ್ಲ. ಇವಳು ನೀರು ಕೊಟ್ಟು, "ಒಳಗೆ ಇನ್ನೊಂದು ರೂಮಿದೆ ಸಾರ್. ಬನ್ನಿ, ಅಲ್ಲೇ ನಿಧಾನವಾಗಿ ಕೂತು ಎಲ್ಲ ಪೇಪರು ನೋಡ್ಬಹುದು" ಅಂದಳು.

"ಬೇಡಮ್ಮಾ!" ಅಂತ ಹೊರಗೆ ಓಡಿದರು. ಸ್ಕೂಟರಿನ ಸೀಟಿನ ಮೇಲೆ ಪೇಪರು ಇಟ್ಟು ಸೈನ್ ಹಾಕಿದರು.

ಆಮೇಲೆ ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದರಂತೆ: "ಆ ಗಿರಣಿಯಮ್ಮನ ಕಷ್ಟ ನೋಡಿ ನನಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು ಕಣ್ರೀ."

ಮೇಡಂ ಇದ್ದಾರಾ

ಇವಳ ಫೋನು ನಾನೇ ಇಟ್ಟುಕೊಂಡಿದ್ದೇನೆ. ಒಂದು ದಿನ ಬ್ಯಾಂಕಿನ ಬಾಕಿ ವಸೂಲಿಯವರು ಅದಕ್ಕೆ ಫೋನು ಮಾಡಿದರು. ಸಣ್ಣ ಹುಡುಗಿಯ ದನಿ. ಪಾಠ ಒಪ್ಪಿಸಿದ ಹಾಗೆ ಮಾತು.

"ಮೇಡಂ ಜೊತೆ ಮಾತಾಡಬಹುದಾ ಸರ್?"

"ಅವರು ಇಲ್ಲಮ್ಮ. ತೀರಿಕೊಂಡರು."

ಈ ಉತ್ತರಕ್ಕೆ ಏನು ಹೇಳಬೇಕು ಅಂತ ಅವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ ಅನ್ನಿಸುತ್ತೆ.

"ಓಕೆ ಸರ್. ಹಾಗಾದ್ರೆ ಯಾವ ಟೈಮಲ್ಲಿ ಮಾಡಿದ್ರೆ ಸಿಗ್ತಾರೆ?"

"ಯಾವ ಟೈಮಲ್ಲೂ ಸಿಗಲ್ಲ ತಾಯಿ. ನನಗೇ ಸಿಗ್ತಿಲ್ಲ."

"ಅಯ್ಯೋ, ಸಾರಿ ಸರ್." ಈಗ ಅರ್ಥವಾಯಿತು. ದನಿ ಇಳಿಯಿತು. ಪಾಪ, ಊಟ ಆಯ್ತಾ ಸರ್ ಅಂತ ಕೇಳಿದಳು. ಆಯ್ತು ಅಂದೆ. ನಿಂದು? ಆಯ್ತು ಅಂದಳು. ಫೋನು ಇಡುವ ಮೊದಲು ಮತ್ತೆ ಪಾಠ ನೆನಪಾಯಿತು.

"ನಮ್ಮ ಸೇವೆಯಿಂದ ತೃಪ್ತಿ ಆಗಿದ್ರೆ ಒಂದು ಒತ್ತಿ. ಆಗಿಲ್ಲಾಂದ್ರೆ ಎರಡು ಒತ್ತಿ. ಆದ್ರೆ ಮೇಡಂ ಅವರೇ ಒತ್ತಬೇಕು ಸರ್."

ಅದೇ ಕಟ್ಟಡ

ಸಾಲ ಕಟ್ಟೋಣ ಅಂತ ಹಳೇ ಬ್ಯಾಂಕಿಗೆ ಹೋದೆ. ಅದೇ ಕಟ್ಟಡ, ಅದೇ ಮೆಟ್ಟಿಲು. ಒಳಗೆ ಸಾಲು. ಮುಂದೆ ಗಾಜು. ಗಾಜಿನ ಹಿಂದೆ ಒಬ್ಬ ದುಡ್ಡು ತಗೊಂಡು ಟೋಕನ್ನು ಕೊಡುತ್ತಿದ್ದಾನೆ. ದೋಸೆ ವಾಸನೆ ಬಂತು. ಚಾಮರಾಜಪೇಟೆಯಲ್ಲಿ ಅದು ಎಲ್ಲಿ ಬರಲ್ಲ? ಬೋರ್ಡು ನೋಡಲಿಲ್ಲ. ಗೊತ್ತಿರುವ ಜಾಗಕ್ಕೆ ಬೋರ್ಡು ಯಾಕೆ?

ನನ್ನ ಸರದಿ ಬಂತು. "ಹಳೇ ಬಾಕಿ ಇತ್ತು. ಕಟ್ಟಬೇಕು" ಅಂದೆ.

"ಇಲ್ಲಿ ಬಾಕಿ ಗೀಕಿ ಇಲ್ಲ ಯಜಮಾನ್ರೆ. ಮೊದಲು ದುಡ್ಡು, ಆಮೇಲೆ ಮಿಕ್ಕಿದ್ದು."

"ಮೊದಲು ದುಡ್ಡು ಕೊಟ್ಟೋರು ನೀವೇ ಅಲ್ವೇನಪ್ಪ."

"ನಾವಾ? ನಿಮಗಾ?"

"ಹೂಂ. ಬಡ್ಡೀನೂ ಹಾಕಿದ್ದೀರಿ."

ನನ್ನ ದನಿ ಗಿರಣಿ ದನಿ. ಇಡೀ ಸಾಲು ತಿರುಗಿ ನೋಡಿತು. ಹಿಂದಿದ್ದ ಹುಡುಗ, "ಬೇಗ ಹೇಳಿ ಗುರುಗಳೇ, ಸೆಟ್ಟಾ ಮಸಾಲೆನಾ?" ಅಂದ.

ಆಗ ಬೋರ್ಡು ನೋಡಿದೆ. ದೋಸೆ ಹೋಟೆಲು. ಬ್ಯಾಂಕು ಬಸವನಗುಡಿಗೆ ಹೋಗಿ ಬಹಳ ದಿನ ಆಯ್ತಂತೆ. ಸರದಿ ಬಂದಿತ್ತು, ಬಿಡೋದು ಯಾಕೆ ಅಂತ ಮಸಾಲೆ ದೋಸೆ ತಿಂದೆ. ಚೆನ್ನಾಗಿತ್ತು. ತಿಜೋರಿ ಇದ್ದ ರೂಮಿನಲ್ಲಿ ಈಗ ಹಿಟ್ಟು ರುಬ್ಬುತ್ತಾರೆ. ಬ್ಯಾಂಕು ಇದ್ದಾಗ ಅಲ್ಲಿ ನಮ್ಮಂಥವರನ್ನು ರುಬ್ಬುತ್ತಿದ್ದರು. ಅಷ್ಟೇ ವ್ಯತ್ಯಾಸ.

ಸೈನು

ಇವಳ ತಮ್ಮ, ನನ್ನ ಭಾಮೈದ, ಮಾವಳ್ಳಿಯಲ್ಲಿದ್ದಾನೆ. ಬಾಯಿ ಜಾಸ್ತಿ, ಮನಸ್ಸು ಒಳ್ಳೇದು. "ಭಾವ, ನೀವೊಬ್ರೇ ಹೋಗ್ಬೇಡಿ. ಮತ್ತೆ ದೋಸೆ ತಿಂದ್ಕೊಂಡು ಬಂದ್ಬಿಡ್ತೀರ" ಅಂತ ಬಸವನಗುಡಿ ಬ್ಯಾಂಕಿಗೆ ಜೊತೆಗೆ ಬಂದ.

ಕೌಂಟರಿನಲ್ಲಿ ಒಬ್ಬರು ಮೇಡಂ. ಚಿಕ್ಕ ವಯಸ್ಸು. ಮರಣ ಪ್ರಮಾಣ ಪತ್ರ ನೋಡಿದರು. ಖಾತೆ ಮುಚ್ಚುವ ಅರ್ಜಿ ತಾವೇ ತುಂಬಿದರು. ಎಲ್ಲ ಸರಿ, ಸೈನ್ ಮಾತ್ರ ಸರಿ ಇಲ್ಲ.

"ಅಂಕಲ್, ಕಂಪ್ಯೂಟರಲ್ಲಿರೋ ನಿಮ್ಮ ಸೈನೇ ಬೇರೆ."

ನನಗೆ ಸೈನ್ ಕಲಿಸಿದ್ದೇ ಇವಳು. ಈಗ ಕೈಗೆ ಅಭ್ಯಾಸ ತಪ್ಪಿದೆ. ಮತ್ತೆ ಹಾಕಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ದೂರದ ನೆಂಟಸ್ತನವೂ ಇಲ್ಲ. ಮೇಡಂ ತಾಳ್ಮೆಯಿಂದ ಕಂಪ್ಯೂಟರು ನಮ್ಮ ಕಡೆ ತಿರುಗಿಸಿ, "ನೋಡಿ, ಹೀಗೆ" ಅಂತ ತೋರಿಸಿ, ಪಕ್ಕದವರು ಕರೆದರು ಅಂತ ಆ ಕಡೆ ತಿರುಗಿದರು.

ಭಾಮೈದ ಬಗ್ಗಿ ನೋಡಿದ. "ಅಯ್ಯೋ, ಇಷ್ಟೇನಾ? ಕೊಡಿ ಇಲ್ಲಿ" ಅಂದ. ಪೆನ್ನು ಕಿತ್ತುಕೊಂಡು ಎಳೆದೇಬಿಟ್ಟ.

ಮೇಡಂ ಈ ಕಡೆ ತಿರುಗಿದರು. ಕಾಗದ ನೋಡಿದರು. "ಹಾಂ! ಈಗ ಪರ್ಫೆಕ್ಟ್ ಅಂಕಲ್!" ಅಂದರು. ಆಮೇಲೆ ತಲೆ ಎತ್ತಿದರು. ಪೆನ್ನು ಯಾರ ಕೈಯಲ್ಲಿದೆ ಅಂತ ನೋಡಿದರು.

ಹೊಸ ಕಾಗದ ತರಿಸಿ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಾಗಿಲಲ್ಲಿದ್ದ ಸೆಕ್ಯುರಿಟಿಯನ್ನು ಕರೆದು, "ಅಂಕಲ್ ಯಾವಾಗ ಬೇಕಾದ್ರೂ ಬರಲಿ. ಇವರು ಬಂದ್ರೆ ಮಾತ್ರ ಮೊದಲು ನನಗೆ ಹೇಳಿ" ಅಂದರು.

ಮೇಲೊಂದು ರೂಪಾಯಿ

ಅವತ್ತೇ ದುಡ್ಡು ಕಟ್ಟಿದೆ. ಮೇಡಂ ಹೇಳಿದಷ್ಟು ಎಣಿಸಿ ಇಟ್ಟೆ. ಮೇಲೆ ಒಂದು ರೂಪಾಯಿ ಬಿಲ್ಲೆ ಇಟ್ಟೆ.

"ಒಂದು ರೂಪಾಯಿ ಜಾಸ್ತಿ ಇದೆ ಅಂಕಲ್."

"ಇರಲಿ ತಾಯಿ."

ನಮ್ಮಲ್ಲಿ ಹಾಗೆ. ಮದುವೆಗೆ ಮುಯ್ಯಿ ಮಾಡಿದರೂ ನೂರಾ ಒಂದು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ವಾಪಸ್ ಕೊಡುವಾಗ ಇವಳು ಮೇಲೆ ಗೋಪುರ ಕಟ್ಟಿಯೇ ಕೊಡುತ್ತಿದ್ದಳು. ಬೋಳು ಲೆಕ್ಕ ಕೊಟ್ಟರೆ ಅವಳಿಗೆ ಆಗುತ್ತಿರಲಿಲ್ಲ. ಮೇಡಂ ಅಷ್ಟನ್ನೂ ಖಾತೆಗೆ ಹಾಕಿದರು. "ಅರ್ಜಿ ಕೊಟ್ಟಿದ್ದೀರಲ್ಲ, ತಾನಾಗೇ ಮುಚ್ಚುತ್ತೆ" ಅಂದರು.

ಮುಂದಿನ ತಿಂಗಳು ಇವಳ ಫೋನಿಗೆ ಮೆಸೇಜು. ಭಾಮೈದ ಓದಿದ. ಮತ್ತೆ ಬಾಕಿ! ಇಬ್ಬರೂ ಓಡಿದೆವು.

ಮೇಡಂ ಬಿಡಿಸಿ ಹೇಳಿದರು. "ಸೊನ್ನೆ ಇದ್ದಿದ್ರೆ ಮುಚ್ಚಿಹೋಗ್ತಿತ್ತು ಅಂಕಲ್. ಒಂದು ರೂಪಾಯಿ ಇತ್ತಲ್ಲ, ಖಾತೆಗೆ ಇನ್ನೂ ಜೀವ ಇದೆ ಅಂದ್ಕೊಂಡಿದೆ ಕಂಪ್ಯೂಟರು. ಜೀವ ಇರೋ ಖಾತೇಲಿ ಇಷ್ಟು ಅಂತ ದುಡ್ಡಿರಬೇಕು. ಇಲ್ಲ. ಅದಕ್ಕೆ ದಂಡ."

"ದಂಡಾನೂ ಕಟ್ಟಿಬಿಡ್ತೀನಿ ತಾಯಿ."

"ಬೇಡಿ ಅಂಕಲ್! ನೀವು ಕಟ್ಟಿದ್ರೆ ಮತ್ತೆ ಏನಾದ್ರೂ ಆಗುತ್ತೆ. ಮ್ಯಾನೇಜರ್ ಬರಲಿ, ದಂಡ ಮನ್ನಾ ಮಾಡ್ತಾರೆ. ರಜದಲ್ಲಿದ್ದಾರೆ."

ಮ್ಯಾನೇಜರು ಬರುವುದು ಎಡೆಯ ಹಿಂದಿನ ದಿನ. ಅವತ್ತೂ ಆಗದಿದ್ದರೆ ಸಾಲದಲ್ಲೇ ಎಡೆ ಇಡಬೇಕು. ಭಾಮೈದ ಸ್ಕೂಟರು ಒದೆಯುತ್ತ ಹೇಳಿದ:

"ಭಾವ, ಅಕ್ಕನ ಖಾತೆ ಥೇಟ್ ಅಕ್ಕನೇ. ಕೈಗೆ ಒಂದು ರೂಪಾಯಿ ಸಿಕ್ಕಿದ್ರೆ ಸಾಕು, ಎದ್ದು ಸಂಸಾರ ಶುರು ಮಾಡ್ಬಿಡುತ್ತೆ."

ಜಾಮೀನು

ಆ ದಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಮ್ಯಾನೇಜರು ಒಳ್ಳೆಯವರು. ನಾಳೆ ಎಡೆ ಅಂದ ತಕ್ಷಣ ದಂಡ ಮನ್ನಾ ಮಾಡಿದರು. ಈಗ ಖಾತೆಯಲ್ಲಿ ಉಳಿದದ್ದು ಅದೇ ಒಂದು ರೂಪಾಯಿ. ಅದನ್ನು ನಾನು ತಗೊಂಡರೆ ಸೊನ್ನೆ. ಸೊನ್ನೆಯಾದರೆ ಮುಚ್ಚುತ್ತೆ.

ಚೀಟಿ ತುಂಬಿದರು. ಒಂದು ರೂಪಾಯಿ ಮಾತ್ರ. ಹೆಬ್ಬೆಟ್ಟು ಒತ್ತಿದೆ. ಮೇಡಂ ಡ್ರಾಯರು ಎಳೆದರು. ಹುಡುಕಿದರು. ಮುಖ ಸಣ್ಣಗಾಯಿತು.

"ಸರ್, ಒಂದು ರೂಪಾಯಿ ಚಿಲ್ಲರೆ ಇಲ್ಲ."

ಬ್ಯಾಂಕಿನಲ್ಲಿ! ಕೇಳುವವರೇ ಇಲ್ಲ ಅಂತ ತರಿಸಿರಲಿಲ್ಲವಂತೆ. ಸಾಲಿನಲ್ಲಿದ್ದವರೆಲ್ಲ ಜೇಬು ತಡವಿದರು. ಎಲ್ಲರ ಜೇಬಲ್ಲೂ ಫೋನು.

"ಒಂದು ಚಾಕ್ಲೇಟ್ ಕೊಟ್ಬಿಡಿ ಮೇಡಂ, ಅಂಗಡೀಲಿ ಕೊಡಲ್ವಾ?" ಅಂದ ಒಬ್ಬ.

"ಎರಡು ರೂಪಾಯಿ ಕೊಟ್ಟು ಕಳಿಸ್ರೀ" ಅಂದರು ಇನ್ನೊಬ್ಬರು.

"ಎರಡು ಕೊಟ್ರೆ ಮತ್ತೆ ಓವರ್‌ಡ್ರಾಫ್ಟ್ ಆಗುತ್ತೆ!" ಅಂತ ಮೇಡಂ ಕೂಗಿದರು.

"ನಾಳೆ ಬನ್ನಿ ಯಜಮಾನ್ರೆ" ಅಂದರು ಮ್ಯಾನೇಜರು.

"ನಾಳೆ ಎಡೆ ಸ್ವಾಮಿ" ಅಂದೆ. ಮೆಲ್ಲಗೇ ಅಂದೆ. ಆದರೂ ಇಡೀ ಬ್ಯಾಂಕಿಗೆ ಕೇಳಿಸಿತು.

ಮ್ಯಾನೇಜರು ಸೆಕ್ಯುರಿಟಿಯನ್ನು ಪಕ್ಕದ ದೇವಸ್ಥಾನಕ್ಕೆ ಓಡಿಸಿದರು. ಅಲ್ಲಿ ಚಪ್ಪಲಿ ಕಾಯುವ ಅಜ್ಜಿಯ ಹತ್ತಿರ ಯಾವಾಗಲೂ ಚಿಲ್ಲರೆ ಇರುತ್ತದೆ. ಅವನು ಬಂದೂಕು ಹೆಗಲಿಗೆ ಹಾಕಿಕೊಂಡು ಹೋದ. ಬಂದೂಕಿನವನ ಕೈಗೆ ದುಡ್ಡು ಕೊಡಲ್ಲ ಅಂತ ಅಜ್ಜಿ ತಾನೇ ಎದ್ದು ಬಂದಳು.

"ಯಾರಪ್ಪಾ ಅದು, ಒಂದು ರೂಪಾಯಿಗೆ ಗತಿ ಇಲ್ಲದೋರು?"

ಎಲ್ಲರೂ ಮ್ಯಾನೇಜರನ್ನು ನೋಡಿದರು.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಿಲ್ಲೆ ತೆಗೆದಳು. ಕೊಡಲಿಲ್ಲ. "ವಾಪಸ್ ಯಾವಾಗ ಕೊಡ್ತೀಯ?"

"ಈಗಲೇ ಫೋನಲ್ಲಿ ಹಾಕ್ತೀನಿ ಅಜ್ಜಿ."

"ನನ್ನ ಹತ್ರ ಫೋನಿಲ್ಲ."

"ಹಾಗಾದ್ರೆ ನಾಳೆ."

"ನಾಳೆ ಅನ್ನೋರನ್ನ ಬೇಕಾದಷ್ಟು ನೋಡಿದೀನಿ. ಬೂಟು ಬಿಚ್ಚಿಡು."

ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು. ನಾನು ಐದು ರೂಪಾಯಿ ಬಿಲ್ಲೆ ಮುಂದೆ ಮಾಡಿದೆ. ಅಜ್ಜಿ ಕೈ ತಳ್ಳಿದಳು. "ನೀನ್ಯಾಕೆ ಕೊಡ್ತೀಯ? ತಗೊಳ್ಳೋನು ಅವನು."

"ಹಾಗಾದ್ರೆ ನಾನು ಜಾಮೀನು ನಿಲ್ತೀನಿ ಅಜ್ಜಿ."

"ನೀನು ಯಾರು?"

"ಚಾಮರಾಜಪೇಟೆ ಗಿರಣಿಯೋನು."

ಮೇಲಿಂದ ಕೆಳಗೆ ನೋಡಿದಳು. "ಸರಿ" ಅಂದಳು.

ಬಿಲ್ಲೆ ಅಜ್ಜಿಯಿಂದ ಮ್ಯಾನೇಜರಿಗೆ, ಮ್ಯಾನೇಜರಿಂದ ಮೇಡಂಗೆ, ಮೇಡಂ ಕೈಯಿಂದ ಡ್ರಾಯರಿಗೆ, ಡ್ರಾಯರಿಂದ ನನಗೆ. ಮೇಡಂ ಕಂಪ್ಯೂಟರು ಒತ್ತಿದರು. ಇವಳ ಫೋನು ಸದ್ದು ಮಾಡಿತು. ಭಾಮೈದ ಓದಿದ: "ನಿಮ್ಮ ಖಾತೆ ಮುಚ್ಚಲಾಗಿದೆ. ಬಾಕಿ ಇಲ್ಲ." ಇನ್ನೊಂದು ಸಲ ಓದು ಅಂದೆ. ಓದಿದ.

ಇವಳ ಖಾತೆಯ ಕಥೆ ಹೇಳಿ ಬಿಲ್ಲೆಯನ್ನು ಅಜ್ಜಿಗೆ ಕೊಡಹೋದೆ. "ಅದು ನಿನ್ನ ಹೆಂಡ್ತಿ ದುಡ್ಡು, ಇಟ್ಕೋ. ನನಗೆ ಬರಬೇಕಾದ್ದು ಬ್ಯಾಂಕಿಂದು" ಅಂತ ಹೊರಟೇಹೋದಳು.

ಮಾರನೇ ದಿನ ಎಡೆ ಇಟ್ಟೆ. ಅವಳಿಗೆ ಇಷ್ಟವಾದ ಒಬ್ಬಟ್ಟು, ಕೋಸಂಬರಿ, ಎಲ್ಲ ಬಡಿಸಿದೆ. ಕೈ ಮುಗಿದು ಹೇಳಿದೆ:

"ನಿಂದೆಲ್ಲ ತೀರಿತು ಕಣೇ, ಊಟ ಮಾಡು. ಈಗ ಸಾಲದಲ್ಲಿರೋದು ಬ್ಯಾಂಕು. ಅದಕ್ಕೆ ನಾನು ಜಾಮೀನು."