ಮೊಪೆಡ್‌ನ ತೂಕ ಇಳಿಸಿದ ಭಾವ

ನಡುವಯಸ್ಸಿನಲ್ಲಿ ಹೊಟ್ಟೆ ಕರಗಿಸಲು ಹೊರಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಆದರೆ ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು, ಮೊದಲು ಮೊಪೆಡ್‌ನ ತೂಕ ಇಳಿಸಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರಿಗೆ ಹೆಣ್ಣು ಕೊಟ್ಟ ಮನೆಯವನೇ ನಾನು! ನನ್ನ ಅಕ್ಕನ ಗಂಡ. ಹೆಸರು ಬೇಡ, ಭಾವ ಅಂದರೆ ಸಾಕು. ಹೆಸರು ಬರೆದರೆ ನನಗೆ ಭಾನುವಾರದ ಬಾಡೂಟ ತಪ್ಪುತ್ತದೆ.

ಭಾವ ಪೀಣ್ಯದಲ್ಲಿ ಒಂದು ಪಂಪ್ ಫ್ಯಾಕ್ಟರಿಯ ಫಿಟ್ಟರ್. ಅಕ್ಕ ಅದೇ ದಾರಿಯ ಗಾರ್ಮೆಂಟ್ಸ್‌ನಲ್ಲಿ ಮೊದಲು ಟೈಲರ್ ಆಗಿದ್ದಳು, ಈಗ ಚೆಕಿಂಗ್. ಚೆಕಿಂಗ್ ಎಂದರೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. ಬಾಗಲಗುಂಟೆಯ ಮನೆಯಿಂದ ಇಬ್ಬರೂ ಒಂದೇ ಮೊಪೆಡ್‌ನಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಒಂದು ಏರು, ಭಾವನ ಬಾಯಲ್ಲಿ ‘ಅಪ್ಪು’. ಆ ಏರಿನ ನಡುಮಧ್ಯೆ ನನ್ನ ಶೆಡ್ಡು. ಏಳನೇ ಕ್ಲಾಸಿಗೇ ಪುಸ್ತಕ ಕೆಳಗಿಟ್ಟು ಲೇತ್ ಹಿಡಿದವನು ನಾನು. ಇವತ್ತು ಎರಡು ಲೇತ್‌ಗೆ ಮಾಲೀಕ. ನನ್ನ ಕೈಯಿಂದ ಹೋದ ಬುಷ್ ಒಂದೂ ಸರಿಯಿಲ್ಲ ಅಂತ ವಾಪಸ್ ಬಂದಿಲ್ಲ. ಇದನ್ನು ಯಾಕೆ ಹೇಳಿದೆ ಎಂದು ಕೇಳಬೇಡಿ. ಅವಕಾಶ ಸಿಕ್ಕಿದಲ್ಲೆಲ್ಲ ಹೇಳುತ್ತೇನೆ.

ಮದುವೆಯಾದ ಹೊಸದರಲ್ಲಿ ಆ ಮೊಪೆಡ್ ಇಬ್ಬರನ್ನೂ ಹೊತ್ತುಕೊಂಡು ಹಾಡುತ್ತಾ ಏರು ಹತ್ತುತ್ತಿತ್ತು. ವರ್ಷ ಕಳೆದಂತೆ ಭಾವನ ಹೊಟ್ಟೆ ಮುಂದೆ ಬಂತು, ಮೊಪೆಡ್ ಹಿಂದೆ ಬಿತ್ತು. ಕೊನೆಗೆ ಏರಿನ ಬುಡದಲ್ಲಿ ಅಕ್ಕ ಇಳಿಯಬೇಕಾಯಿತು. ಭಾವ ಒಬ್ಬರೇ ಮೇಲೆ ಹೋಗುವುದು, ಅಕ್ಕ ಊಟದ ಬ್ಯಾಗು ಹಿಡಿದು ಏದುಸಿರು ಬಿಡುತ್ತಾ ನಡೆದು ಹೋಗುವುದು. ಅವಳು ಮೇಲೆ ಮುಟ್ಟುವವರೆಗೆ ಭಾವ ಏನು ಮಾಡುತ್ತಿದ್ದರು ಗೊತ್ತೇ? ಅವಳಿಗೆ ಬೆನ್ನು ಹಾಕಿ, ಆ ಕಡೆ ಮುಖ ಮಾಡಿ, ಮದುವೆ ಗಂಡಿನ ಹಾಗೆ ತಲೆ ಬಾಚಿಕೊಳ್ಳುತ್ತಾ ನಿಂತಿರುತ್ತಿದ್ದರು! ಇರುವುದೇ ನಾಲ್ಕು ಕೂದಲು. ಶೆಡ್ಡಿನ ಬಾಗಿಲಿಂದ ನೋಡಿ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಏರಿನ ಬುಡದಲ್ಲಿ ಸೊಪ್ಪು ಮಾರುವ ಹೆಂಗಸು ಎಲ್ಲರಿಗೂ ಕೇಳುವಂತೆ ಅಂದಳು: “ಅಲ್ಲಕ್ಕಾ, ದಿನಾ ನೀವೇ ಇಳೀತೀರಲ್ಲ? ಒಂದ್ಸಲ ಅಣ್ಣನ್ನ ಇಳ್ಸಿ ನೋಡಿ. ಗಾಡಿ ತಾನಾಗೇ ಅತ್ತುತ್ತೆ!”

ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಭಾವ ನಗಲಿಲ್ಲ. ಸಂಜೆ ನೇರ ನನ್ನ ಶೆಡ್ಡಿಗೆ ಬಂದರು.

“ನಿಮ್ಮಕ್ಕನ ಕಾಲು ನೋಡಿದ್ದೀಯೇನೋ? ರಾತ್ರಿ ಹೊತ್ತಿಗೆ ಬನ್ನಿನ ಥರ ಊದಿರುತ್ತೆ. ಇನ್ಮೇಲೆ ಅವಳು ಆ ಅಪ್ಪಲ್ಲಿ ಕಾಲು ಕೆಳಗಿಡಕೂಡದು. ಇಬ್ಬರೂ ಕೂತ್ಕೊಂಡೇ ಹತ್ತಬೇಕು, ಮೊದಲಿನ ಥರ.”

“ಹಾಗಾದ್ರೆ ತೂಕ ಇಳಿಸ್ಬೇಕು ಭಾವ.”

“ಅದಕ್ಕೇ ಬಂದೆ. ಹದಿನಾಲ್ಕರ ಸ್ಪಾನರ್ ಕೊಡು!”

ಹೊಸ ಗಾಡಿ ತೆಗೆದುಕೊಳ್ಳಿ ಎಂದು ನೀವು ಅನ್ನಬಹುದು. ನಾನೂ ಅಂದೆ. “ಹೆಂಡತೀನ ಮನೆಗೆ ಕರ್ಕೊಂಡ್ಬಂದ ಗಾಡಿ ಕಣೋ ಇದು,” ಎಂದರು. ನಾನು ಸ್ಪಾನರ್ ತೆಗೆದು ಕೊಟ್ಟೆ.

ಆ ಸಂಜೆ ಮೊಪೆಡ್‌ನ ಸೀರೆ ಗಾರ್ಡ್ ಹೋಯಿತು. ಮುಂದಿನ ಬುಟ್ಟಿ ಹೋಯಿತು, ಸ್ಟ್ಯಾಂಡ್ ಹೋಯಿತು, ಎರಡೂ ಕನ್ನಡಿ ಹೋದವು. ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಗೋಡೆಗೆ ಒರಗಿಸಿ, ಹೊಸ ಸೊಸೆಯನ್ನು ನೋಡುವ ಅತ್ತೆಯ ಹಾಗೆ ದೂರ ನಿಂತು ನೋಡಿದರು. “ನೋಡು, ಹೆಂಗೆ ಸ್ಲಿಮ್ ಆಯ್ತು!”

ಮಾರನೆಯ ದಿನ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು.

“ಕನ್ನಡಿ ಎಲ್ರೀ?”

“ತೂಕ ಇಳಿಸ್ತಾ ಇದ್ದೀನಿ ಸಾರ್.”

ಪೊಲೀಸರು ಮೊಪೆಡ್ ನೋಡಿದರು, ಆಮೇಲೆ ಭಾವನ ಹೊಟ್ಟೆ ನೋಡಿದರು. “ಕನ್ನಡಿ ಇಟ್ಕೊಂಡಿದ್ರೆ ತೂಕ ಎಲ್ಲಿದೆ ಅಂತ ಗೊತ್ತಾಗ್ತಿತ್ತಲ್ರೀ!”

ಕನ್ನಡಿಗಳು ವಾಪಸ್ ಬಂದವು. ಉಳಿದ ಸಾಮಾನನ್ನು ಗುಜರಿ ಅಂಗಡಿಗೆ ಒಯ್ದರು. ತಕ್ಕಡಿ ಅಲ್ಲಾಡಿದ್ದು ಅಷ್ಟಕ್ಕಷ್ಟೆ. ಭಾವನಿಗೆ ನಂಬಿಕೆ ಬರಲಿಲ್ಲ. ತಕ್ಕಡಿಯೇ ಸರಿಯಿಲ್ಲ ಎಂದು ಪರೀಕ್ಷೆ ಮಾಡಲು ತಾವೇ ಮೇಲೆ ಹತ್ತಿ ನಿಂತರು. ಗುಜರಿ ಅಂಗಡಿಯವನು ಮುಳ್ಳು ನೋಡಿ, ಕಣ್ಣುಜ್ಜಿ, ಮತ್ತೊಮ್ಮೆ ನೋಡಿದ. “ಅಣ್ಣಾ, ಇದು ಕಬ್ಬಿಣದ ರೇಟಿಗೆ ಹಾಕ್ಲಾ, ಅಲ್ಯೂಮಿನಿಯಂ ರೇಟಿಗೆ ಹಾಕ್ಲಾ?”

ಅಂದಿನಿಂದ ಪಥ್ಯ. “ಅನ್ನ ಬಂದ್. ರಾತ್ರಿಗೆ ಒಂದೇ ಮುದ್ದೆ,” ಎಂದು ಘೋಷಣೆಯಾಯಿತು. ನಾನು ಒಮ್ಮೆ ಹೋಗಿ ನೋಡಿದೆ. ತಟ್ಟೆಯಲ್ಲಿ ಒಂದೇ ಮುದ್ದೆ ಇತ್ತು, ಸುಳ್ಳಲ್ಲ. ಆದರೆ ಅದರ ಹಿಂದೆ ಭಾವನ ಮುಖ ಕಾಣುತ್ತಿರಲಿಲ್ಲ!

“ಇದೇನ್ ಭಾವ ಇದು?”

“ಒಂದು ಅಂತ ಹೇಳಿದ್ದೆ. ಸೈಜ್ ಹೇಳಿದ್ನಾ? ಅಳತೆ ಡ್ರಾಯಿಂಗ್ ಇಲ್ದೆ ಜಾಬ್ ಕೊಟ್ರೆ ಇಂಗೇ ಆಗೋದು.”

“ಡ್ರಾಯಿಂಗ್ ನಾನು ಕೊಡ್ತೀನಿ,” ಎಂದು ಅಕ್ಕ ಮಾರನೆಯ ದಿನದಿಂದ ಕಾಫಿ ಲೋಟದಲ್ಲಿ ಅಳೆದು ಮುದ್ದೆ ಕಟ್ಟಿದಳು. ಭಾವ ಅದನ್ನು ನೋಡಿ, “ಇದು ಊಟಾನಾ, ಸ್ಯಾಂಪಲ್ಲಾ?” ಎಂದು ಕೇಳಿ, ಬಾಯಿ ಮುಚ್ಚಿಕೊಂಡು ನುಂಗಿದರು.

ಜಿಮ್ಮಿಗೂ ಹೋಗಿದ್ದರು, ಒಂದೇ ದಿನ. ಅಲ್ಲಿ ಉರುಳುವ ಪಟ್ಟಿಯ ಮೇಲೆ ಓಡಿಸಿದರಂತೆ. “ಅಷ್ಟೊತ್ತು ಓಡಿದೆ ಕಣೋ, ಇಳಿದು ನೋಡಿದ್ರೆ ಅದೇ ಗೋಡೆ, ಅದೇ ಫ್ಯಾನು! ಓಡಿದ ಮೇಲೆ ಮನುಷ್ಯ ಎಲ್ಲಿಗಾದ್ರೂ ಮುಟ್ಟಬೇಕು ತಾನೇ?”

ಆಗಲೇ ಅವರಿಗೆ ಸೊಪ್ಪಿನ ಹೆಂಗಸಿನ ಮಾತು ನೆನಪಾದದ್ದು. ಅಣ್ಣನನ್ನು ಇಳಿಸಿ ನೋಡಿ! ಅಕ್ಕನಿಗೆ ಎಲ್‌ಎಲ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್, ಮಾಡಿಸಿದರು. ಭಾನುವಾರ ಫ್ಯಾಕ್ಟರಿಗಳಿಗೆ ರಜೆ, ರಸ್ತೆ ಖಾಲಿ. ಅಲ್ಲಿ ಕಲಿಸಲು ಕರೆದೊಯ್ದರು. ಕಲಿಸುವುದೇನು ಉಳಿದಿತ್ತು? ವರ್ಷಗಟ್ಟಲೆ ಪವರ್ ಮಿಷನ್ ತುಳಿದವಳು ಅಕ್ಕ. ಎರಡನೇ ಭಾನುವಾರಕ್ಕೆ ಭಾವನಿಗಿಂತ ನೀಟಾಗಿ ಓಡಿಸಿದಳು. “ಹೊಲಿಗೆ ಥರಾನೇ ಕಣೋ. ಲೈನ್ ಬಿಟ್ಟು ಹೋಗಬಾರದು, ಅಷ್ಟೆ!”

ಸೋಮವಾರದಿಂದ ಏರಿನಲ್ಲಿ ಹೊಸ ಮೆರವಣಿಗೆ. ಬುಡದಲ್ಲಿ ಭಾವ ಇಳಿಯುತ್ತಾರೆ. ಅಕ್ಕ ಮೊಪೆಡ್‌ನಲ್ಲಿ ಮುಂದೆ, ಯೂನಿಫಾರಂ ಹಾಕಿದ ಭಾವ ಹಿಂದೆ ಓಡುತ್ತಾ, “ನಿಧಾನ! ಏ, ನಿಧಾನ ಕಣೇ!” ಹೊಟ್ಟೆ ಒಂದು ತಾಳಕ್ಕೆ, ಕಾಲು ಇನ್ನೊಂದು ತಾಳಕ್ಕೆ. ಗಾಡಿಯವರನ್ನು ಕಂಡರೆ ಅಟ್ಟಿಸಿಕೊಂಡು ಹೋಗುವ ನಮ್ಮ ಬೀದಿಯ ನಾಯಿಗಳು ಕೂಡ, ಈ ಕೆಲಸಕ್ಕೆ ಬೇರೆ ಆಳು ಬಂದ ಎಂದು ಸುಮ್ಮನೆ ಮಲಗಿದವು.

ಮೊದಲ ವಾರವೇ ಅನಾಹುತ. ಹೊಸದಾಗಿ ಬಂದ ಇಬ್ಬರು ಲೋಡಿಂಗ್‌ನವರು ಇದನ್ನು ನೋಡಿ, ಪಾಪ, ಯಾರದೋ ಗಾಡಿ ಕದ್ದುಕೊಂಡು ಹೋಗುತ್ತಿದ್ದಾಳೆ ಎಂದುಕೊಂಡು ಅಡ್ಡ ಬಂದರು.

“ಏ ನಿಲ್ಸಮ್ಮಾ! ಯಾರ್ದು ಗಾಡಿ?”

ಅಕ್ಕ ಬ್ರೇಕ್ ಹಾಕಿ ಗಂಭೀರವಾಗಿ ಹೇಳಿದಳು: “ಗಾಡೀನೂ ನಂದೇ. ಹಿಂದೆ ಓಡಿ ಬರ್ತಾ ಇದೆಯಲ್ಲ, ಅದೂ ನಂದೇ.”

ಅಕ್ಕನ ಕಾಲಿಗೆ ಏರು ತಪ್ಪಿತು. ಇಷ್ಟು ಸಾಕಲ್ಲವೇ ಎಂದೆ. ಭಾವ ಒಪ್ಪಲಿಲ್ಲ. “ಅವಳಿಗೆ ಗಾರ್ಮೆಂಟ್ಸು, ನನಗೆ ಶಿಫ್ಟು. ಮನೆಗೆ ಹೋದ್ರೆ ಅವಳು ಒಲೆ ಮುಂದೆ, ನಾನು ನಿದ್ದೆ. ನಾವಿಬ್ಬರೂ ಮಾತಾಡೋದು ಈ ಗಾಡಿ ಮೇಲೇನೇ ಕಣೋ. ಅಪ್ಪು ಬಂದ ತಕ್ಷಣ ಮಾತು ಅರ್ಧಕ್ಕೆ ನಿಂತುಹೋಗುತ್ತೆ. ಹಿಂದೆ ಓಡ್ಕೊಂಡು ಮಾತಾಡಕ್ಕಾಗುತ್ತಾ?”

ಯುಗಾದಿ ಬಂತು, ಗಣೇಶ ಹೋದ. ಭಾವನ ಬೆಲ್ಟಿಗೆ ತೂತು ಸಾಲದೆ ನನ್ನ ಡ್ರಿಲ್ಲಿಂಗ್ ಮಿಷನ್ನಿನಲ್ಲೇ ಹೊಸ ತೂತು ಹಾಕಿಕೊಟ್ಟೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಏರಿನ ಬುಡದಲ್ಲಿ ಮೊಪೆಡ್ ಕಾಣಿಸಿತು. ಅಕ್ಕ ಮುಂದೆ. ಭಾವ ಇಳಿಯಲಿಲ್ಲ!

ನಾನು ಲೇತ್ ಆಫ್ ಮಾಡಿದೆ. ಸೊಪ್ಪಿನ ಹೆಂಗಸು ಎದ್ದು ನಿಂತಳು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಾಗಿಲಿಗೆ ಬಂದರು. ಮೊಪೆಡ್ ಕೆಮ್ಮುತ್ತಾ ಹತ್ತಿತು. ನನ್ನ ಶೆಡ್ಡಿನ ಮುಂದೆ ಬಂದಾಗ ನಡಿಗೆಗಿಂತ ನಿಧಾನವಾಯಿತು. ಹಿಂದಿನ ಸೀಟಿನಲ್ಲಿ ಭಾವ ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು, ಎರಡೂ ಕಾಲು ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಉಸಿರಿಗೂ ತೂಕ ಇದೆಯೆಂದು ಅವರಿಗೆ ಯಾರು ಹೇಳಿದರೋ!

“ಬಿಡ್ಬೇಡಕ್ಕಾ! ಕೊಡು ಆಕ್ಸಿಲೇಟರ್ರು!” ಎಂದು ಕೂಗಿದೆ.

ಹತ್ತಿತು. ಹತ್ತೇ ಹತ್ತಿತು! ಇಡೀ ರಸ್ತೆ ಚಪ್ಪಾಳೆ ತಟ್ಟಿತು. ನಾನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಮೇಲಕ್ಕೆ ಓಡಿದೆ. ಮುಟ್ಟುವ ಹೊತ್ತಿಗೆ ನನಗೇ ಉಸಿರು ಸಿಗುತ್ತಿರಲಿಲ್ಲ. ಅಕ್ಕ ನನ್ನ ಹೊಟ್ಟೆ ನೋಡಿ, “ಮುಂದಿನ ಜಾಬ್ ಇವನದೇ ಕಣ್ರೀ,” ಎಂದಳು.

ನಕ್ಕು ಮುಗಿದ ಮೇಲೆ ಅವಳು ಭಾವನ ಕಡೆ ತಿರುಗಿದಳು. “ಒಂದು ಕೇಳ್ತೀನಿ. ಮೊದಲು ನಾನು ನಡ್ಕೊಂಡು ಬರೋವಾಗ, ನೀವು ಇಲ್ಲಿ ಆ ಕಡೆ ತಿರುಗ್ಕೊಂಡು ತಲೆ ಬಾಚ್ಕೊತಿದ್ರಲ್ಲ. ಒಂದಿನಾನೂ ಈ ಕಡೆ ನೋಡ್ಲಿಲ್ಲ. ಯಾಕೆ?”

ಭಾವ ಜೇಬಿನ ಬಾಚಣಿಗೆ ಮುಟ್ಟಿ ನೋಡಿಕೊಂಡರು.

“ನೋಡ್ತಿದ್ದೆ ಕಣೇ. ಗಾಡಿ ಕನ್ನಡೀಲಿ. ಅಲ್ಲಲ್ಲಿ ನಿಂತು ಮಂಡಿ ಹಿಡ್ಕೊತಿದ್ದೆಯಲ್ಲ... ಎದುರಿಗೆ ನಿಂತು ನೋಡೋ ಅಷ್ಟು ಧೈರ್ಯ ಇರಲಿಲ್ಲ.”

ಅಕ್ಕ ಹತ್ತಿರ ಬಂದಳು. ಸೆರಗಿನ ತುದಿಯಿಂದ, ಹಾಡಹಗಲು ನಡುರಸ್ತೆಯಲ್ಲಿ, ಅವರ ಹಣೆಯ ಬೆವರು ಒರೆಸಿದಳು. ಗಾಡಿಯಲ್ಲಿ ಕೂತು ಬಂದವರಿಗೆ ಅದೆಲ್ಲಿಂದ ಬಂತೋ ಬೆವರು! ಆಮೇಲೆ “ಹತ್ತಿ, ಟೈಮಾಯ್ತು,” ಎಂದು ಮೊಪೆಡ್ ಏರಿ ಕೂತಳು. ಹೊರಡುವ ಮುಂಚೆ ಎಡಗಡೆಯ ಕನ್ನಡಿಯನ್ನು ಒಂಚೂರು ಒಳಕ್ಕೆ ತಿರುಗಿಸಿಕೊಂಡಳು.

“ಅಕ್ಕಾ, ಹಿಂಗೆ ತಿರುಗಿಸಿದ್ರೆ ರಸ್ತೆ ಕಾಣಲ್ಲ,” ಎಂದೆ.

“ಬಲಗಡೆದ್ರಲ್ಲಿ ಕಾಣುತ್ತೆ ಬಿಡೋ,” ಎಂದು ಅಕ್ಕ ಹೊರಟಳು. ಎಡಗಡೆಯದರ ತುಂಬ ಭಾವನ ಮುಖವಿತ್ತು.