ನೀರಿನ ಅಪ್ಪನೂ ಮೊಟ್ಟೆಯ ಕಾವೂ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಬ್ಯಾಟರಿಗೆ. ಹೆಂಡತಿ ಊಟದ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಇಟ್ಟಿದ್ದಾಳೆ. ಕರೆಂಟು ಹೋದರೆ ಅದರೊಳಗಿನ ಬಲ್ಬು ಉರಿಯುವುದು ಈ ಬ್ಯಾಟರಿಯಿಂದ. ಹೋದ ಸಲ ಮೊಟ್ಟೆಗಳೆಲ್ಲ ತಣ್ಣಗಾಗಿ ಒಳಗಿನ ಮರಿಗಳು ಸತ್ತಾಗ ಅವಳು ಊಟ ಬಿಟ್ಟು ಅತ್ತಿದ್ದಳು. ಈ ಸಲದ ಮರಿಗಳು ಇಂದೋ ನಾಳೆಯೋ ಹೊರಬರಬೇಕಿತ್ತು.

ನಾನು ವಿಜ್ಞಾನದ ಮೇಷ್ಟ್ರು. (ಶಕ್ತಿ ಸುಮ್ಮನೆ ಹುಟ್ಟುವುದಿಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡುವವನು ನಾನೇ.) ನೀರನ್ನು ಒಡೆದು ಜಲಜನಕ ತೆಗೆದು, ಅದನ್ನು ಉರಿಸಿ ಪೆಟ್ಟಿಗೆಯನ್ನು ಬೆಚ್ಚಗಿಡುವ ಮಹಾಸಂಕಲ್ಪ ಮಾಡಿದೆ. ಹೆಂಡತಿ ಕೇಳಿದಳು, "ಜಲಜನಕ ಅಂದ್ರೆ ನೀರಿನ ಅಪ್ಪ ಅಲ್ವಾ? ಮಗಳ ಹೊಟ್ಟೆಯಿಂದ ಅಪ್ಪನ್ನ ಹೊರಗೆ ತೆಗೀತೀರಾ? ಅದೇನು ಸುಮ್ನೆ ಆಗತ್ತಾ?"

ಅವಳು ಪೇಟೆಗೆ ಹೋದದ್ದೇ ತಡ, ಬ್ಯಾಟರಿಯ ತಂತಿಗಳನ್ನು ಉಪ್ಪುನೀರಿನ ಜಾಡಿಗೆ ಇಳಿಸಿದೆ. ಮಧ್ಯಾಹ್ನವೆಲ್ಲ ಗುಳುಗುಳು ಗುಳ್ಳೆ ಬಂದವು. ಕೊನೆಗೆ ಗಾಜಿನ ನಳಿಗೆಯಲ್ಲಿ ಹಿಡಿದ ಅನಿಲಕ್ಕೆ ಕಡ್ಡಿ ಗೀರಿದೆ. 'ಟುಪ್' ಎಂದಿತು. ಅಷ್ಟೇ. ಅದೇ ಗಳಿಗೆಗೆ ಕರೆಂಟೂ ಹೋಯಿತು.

ಪೆಟ್ಟಿಗೆಯ ಬಲ್ಬು ಒಮ್ಮೆ ಕೆಂಪಗೆ ಮಿಣುಕಿ ಆರಿಹೋಯಿತು. ಒಲೆಯೂ ಕರೆಂಟಿನದೇ, ನೀರು ಕಾಯಿಸುವಂತಿಲ್ಲ. ಹೆಂಡತಿ ಒಳಬಂದವಳೇ ಥರ್ಮಾಮೀಟರು ನೋಡಿದಳು, ಜಾಡಿ ನೋಡಿದಳು.

"ಬ್ಯಾಟರಿಯಲ್ಲಿದ್ದದ್ದು ಏನಾಯ್ತು?"

"ನೀರು ಒಡೆಯೋಕೆ ಖರ್ಚಾಯ್ತು."

"ಅದರಿಂದ ಬಂದದ್ದು?"

"ಟುಪ್," ಎಂದೆ.

ಅವಳು ಮಂಚ ತೋರಿಸಿ ಮಲಗಿ ಅಂದಳು. ಸ್ವೆಟರ್ ಎತ್ತಿ, ಮೊಟ್ಟೆಗಳನ್ನು ಒಂದೊಂದಾಗಿ ಹೊಟ್ಟೆಯ ಮೇಲೆ ಜೋಡಿಸಿ, ಮೇಲೆ ಕಂಬಳಿ ಹೊದಿಸಿದಳು. ನಮ್ಮಲ್ಲೇ ಇರುವ ಅವಳ ಅಮ್ಮ, ನನ್ನ ಅತ್ತೆ, ಕುರ್ಚಿ ಎಳೆದುಕೊಂಡು ಕಾವಲು ಕೂತರು. ಕೆಮ್ಮು ಬಂದರೂ ನುಂಗಿದೆ. ಮೂಗು ತುರಿಸಿತು, ತುರಿಸಲಿ ಎಂದು ಬಿಟ್ಟೆ. ಹೆಂಡತಿ ಕೈ ಹಿಸುಕಿಕೊಳ್ಳುತ್ತ ಕಂಬಳಿಯನ್ನೇ ನೋಡುತ್ತಿದ್ದಳು. ಒಂದೇ ಒಂದು ಮೊಟ್ಟೆ ತಣ್ಣಗಾದರೂ ಅವಳಿಗೆ ಮುಖ ತೋರಿಸುವುದು ಹೇಗೆಂದು ನಿಜಕ್ಕೂ ಹೆದರಿದೆ.

ಸಂಜೆಯಾಗುವಷ್ಟರಲ್ಲಿ ಹೊಕ್ಕುಳ ಬಳಿ ಏನೋ ಕುಟುಕಿತು. ಆಮೇಲೆ 'ಚಿಂವ್'. ಹೆಂಡತಿ ಅಳುತ್ತಲೇ ನಕ್ಕಳು. ಕರೆಂಟೂ ಬಂತು. ಗೆದ್ದೆನೆಂದು ಏಳಹೊರಟೆ.

"ಏಳಬೇಡಿ," ಎಂದು ಭುಜ ಒತ್ತಿದಳು. "ಪೆಟ್ಟಿಗೆಗಿಂತ ನಿಮ್ಮ ಹೊಟ್ಟೆನೇ ವಾಸಿ. ಹೊತ್ತು ಹೊತ್ತಿಗೆ ಊಟ ಹಾಕಿದ್ರೆ ಸಾಕು, ಕರೆಂಟು ಕೇಳಲ್ಲ."

ಮರುದಿನ ಹೆಡ್‌ಮಾಸ್ಟರರ ಫೋನು ಬಂತು. ನಾನು ಕೈ ಚಾಚುವ ಮೊದಲೇ ಅತ್ತೆ ಎತ್ತಿಕೊಂಡರು.

"ಅಳಿಯಂದಿರು ಇವತ್ತು ಶಾಲೆಗೆ ಬರಲ್ಲ ಸಾರ್," ಎಂದರು, ಬೀದಿಗೆಲ್ಲ ಕೇಳುವಂತೆ. "ಕಾವು ಕೂತಿದ್ದಾರೆ."