ಆರು ದಿನ ತಡವಾದ ಕರಡಿ

ಚಹಾದ ಬಟ್ಟಲು ಇಡಲು ಜಾಗ ಹುಡುಕುತ್ತಿದ್ದಾಗ ಮಿನೆಗಿಶಿಯವರಿಗೆ ಆ ಹಲಗೆ ಸಿಕ್ಕಿತು. ಗಾಳ ಹಾಕುವವರ ಮಾಸಪತ್ರಿಕೆಗಳ ಅಡಿಯಲ್ಲಿ ಅದು ಏನೂ ಅರಿಯದ ಹಾಗೆ ಮಲಗಿತ್ತು.

ಕೇರಿಯ ಸುತ್ತೋಲೆ ಹಲಗೆ. ಮೇಲೆ ಕ್ಲಿಪ್ಪಿಗೆ ಸಿಕ್ಕಿಸಿದ ಸೂಚನೆ, ಕೆಳಗೆ ಹದಿನೇಳು ಮನೆಗಳ ಪಟ್ಟಿ. ಬಂದ ದಿನವೇ ಓದಿ, ಹೆಸರಿನ ಮುಂದೆ ಮೊಹರು ಒತ್ತಿ, ತಾರೀಖು ಬರೆದು, ಮುಂದಿನ ಮನೆಗೆ ದಾಟಿಸಬೇಕು. ಮದುವೆಯಾದಂದಿನಿಂದ ಈ ಕೆಲಸ ಹೆಂಡತಿ ಕಿನುಯೊಳ ಪಾಲಿನದು. ಅವಳು ಗೆಳತಿಯರ ಜೊತೆ ಬಿಸಿನೀರಿನ ಬುಗ್ಗೆಗೆ ಹೋಗಿ ವಾರವಾಗಿತ್ತು.

ಹಿಂದಿನ ಮನೆಯವರು ಬರೆದ ತಾರೀಖು ಜೂನ್ ಒಂಬತ್ತು. ಇವತ್ತು ಹದಿನೈದು.

ಮಿನೆಗಿಶಿಯವರು ಮೂವತ್ತನಾಲ್ಕು ವರ್ಷ ತೂಕ ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದವರು. ಮೂರು ಗ್ರಾಂ ಹೆಚ್ಚುಕಡಿಮೆಯಾದರೂ ಮೀನಂಗಡಿಯ ತಕ್ಕಡಿಯನ್ನು ಎತ್ತಿಕೊಂಡು ಹೋಗುತ್ತಿದ್ದವರು. ಹೋದ ವರ್ಷ ಹಲಗೆಯನ್ನು ನಾಲ್ಕು ದಿನ ಇಟ್ಟುಕೊಂಡಿದ್ದವರನ್ನು ಕೇರಿಯಲ್ಲಿ ಇವತ್ತಿಗೂ 'ನಾಲ್ಕು ದಿನದವರು' ಎಂದೇ ಕರೆಯುತ್ತಾರೆ. ಇನ್ನು ಆರು ದಿನಕ್ಕೆ?

ಕಸದ ಗಾಡಿ ಬರುವ ದಿನ ಬದಲಾಗಿರಬಹುದು, ಅಷ್ಟೇ ಎಂದು ಧೈರ್ಯ ತಂದುಕೊಂಡು ಸೂಚನೆ ಓದಿದರು.

'ತುರ್ತು. ಸರೋವರದ ಉತ್ತರ ದಂಡೆಯಲ್ಲಿ ದೊಡ್ಡ ಕರಡಿ ಕಾಣಿಸಿಕೊಂಡಿದೆ. ಯಾರೂ ಒಂಟಿಯಾಗಿ ಹೊರಗೆ ಹೋಗಬಾರದು. ಅಡುಗೆಮನೆಯ ಕಸ ಹೊರಗಿಡಬಾರದು. ಕರಡಿ ಕಾವಲಿಗೆ ಒಬ್ಬರು ಬೇಕಾಗಿದ್ದಾರೆ.'

ಬಟ್ಟಲು ಕೈಜಾರಿ ಚಾಪೆಯ ಮೇಲೆ ಉರುಳಿತು.

ಉತ್ತರ ದಂಡೆಯಲ್ಲಿ ಉಳಿದಿರುವುದು ಒಂದೇ ಮನೆ, ಪಟ್ಟಿಯಲ್ಲಿ ತಮ್ಮ ನಂತರದ, ಕೊನೆಯ ಹೆಸರು: ಶಿಗೆನೊ ಅಜ್ಜಿ. ವಯಸ್ಸು ಎಂಬತ್ತನಾಲ್ಕು. ಬೆಳಗಾದರೆ ಒಬ್ಬಳೇ ದಂಡೆಗೆ ಹೋಗುವವಳು, ಕಸದ ಬಕೆಟ್ಟನ್ನು ಹೊರಗೇ ಇಡುವವಳು. ಅವಳನ್ನು ತಾವು ಕೊನೆಯದಾಗಿ ನೋಡಿದ್ದು ಯಾವಾಗ? ಮಿನೆಗಿಶಿಯವರು ಬೆರಳು ಮಡಚಿ ಎಣಿಸಿದರು. ಮೂರು ದಿನ. ಮತ್ತೆ ಎಣಿಸಿದರು. ಮೂರೇ.

ಹೊರಗೆ ಮಳೆ ಬೆಳಗಿನಿಂದ ಒಂದೇ ಸಮನೆ ಸುರಿಯುತ್ತಿತ್ತು. ಸರೋವರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಅಜ್ಜಿಯ ಮನೆಗೆ ನೂರ ಎಂಬತ್ತು ಮೀಟರ್. ಅಷ್ಟು ದೂರಕ್ಕೆ ತಮಗೆ ಬೇಕಾಗುವುದು ನೂರ ಅರವತ್ತೆರಡು ಸೆಕೆಂಡು, ಕರಡಿಗೆ ಹದಿಮೂರು. ಈ ಲೆಕ್ಕವನ್ನು ಮಾಡಲೇಬಾರದಿತ್ತು ಎನ್ನಿಸಿತು.

ಸದ್ದು ಕೇಳಿದರೆ ಕರಡಿ ದೂರ ಹೋಗುತ್ತದಂತೆ. ಹಲಗೆಯನ್ನು ರೈನ್‌ಕೋಟಿನೊಳಗೆ ತುರುಕಿ, ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಸೌಟು ಹಿಡಿದು ಹೊರಟರು. ಹಾಡೊಂದೂ ನೆನಪಿಗೆ ಬರದೆ, ಬೆಳಗಿನ ರೇಡಿಯೋ ವ್ಯಾಯಾಮದ ಎಣಿಕೆಯನ್ನೇ ಕೂಗತೊಡಗಿದರು: "ಒಂದು! ಎರಡು! ಮೂರು! ನಾಲ್ಕು!"

ಪೊದೆ ಅಲುಗಿದಾಗಲೆಲ್ಲ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುವಾಗುತ್ತಿತ್ತು.

ಅಜ್ಜಿಯ ಅಂಗಳದಲ್ಲಿ ಕಸದ ಬಕೆಟ್ಟು ಬೋರಲಾಗಿ ಬಿದ್ದಿತ್ತು. ಒಂದೇ ಒಂದು ರಬ್ಬರ್ ಬೂಟು ಕೆಸರಿನಲ್ಲಿ ಮಗುಚಿತ್ತು. ಅದರ ಜೋಡಿ ಎಲ್ಲೂ ಇರಲಿಲ್ಲ.

"ಅಜ್ಜೀ..." ಎಂದರು.

ಹಿಂದಿನಿಂದ ಹಾರ್ನ್ ಬಡಿಯಿತು. ಮಿನೆಗಿಶಿಯವರು ನಿಂತಲ್ಲೇ ಒಂದು ಗೇಣು ಹಾರಿದರು. ಪುಟ್ಟ ಟ್ರಕ್ಕಿನ ಕಿಟಕಿಯಿಂದ ಕೇರಿಯ ಮುಖ್ಯಸ್ಥ ಉಶಿಮಾರು ತಲೆ ಹಾಕಿದ.

"ಏನ್ರೀ ಮಿನೆಗಿಶಿ-ಸಾನ್, ಮಳೇಲಿ ಪಾತ್ರೆ ವ್ಯಾಪಾರ ಶುರು ಮಾಡಿದ್ರಾ?"

"ಹೀಗೇ... ಸುಮ್ನೆ..."

"ನಾನು ಹಲಗೆ ಹುಡುಕ್ಕೊಂಡ್ ಬಂದೆ. ಆರು ದಿನ ಆಯ್ತು, ವಾಪಸ್ಸೇ ಬಂದಿಲ್ಲ. ನೀವು ಅಜ್ಜಿಗೆ ಕೊಟ್ರಿ ತಾನೆ?"

ಕೋಟಿನೊಳಗೆ ಹಲಗೆಯ ಮೂಲೆ ಪಕ್ಕೆಲುಬಿಗೆ ಚುಚ್ಚುತ್ತಿತ್ತು. "ಕೊ... ಕೊಟ್ಟೆ. ಕರಡಿ ವಿಷಯ ಅಲ್ವಾ, ಅಜ್ಜಿ ಹುಷಾರಾಗಿದ್ದಾರಾ ಅಂತ ನೋಡ್ಕೊಂಡ್ ಹೋಗೋಣ ಅಂತ."

"ಈ ಮಳೇಲಿ? ಒಬ್ರೇ?" ಉಶಿಮಾರುವಿನ ಕಣ್ಣರಳಿತು. "ಅಬ್ಬಾ, ನಿಮ್ಮಂಥೋರೂ ಇದ್ದಾರಲ್ಲ!"

ಅಷ್ಟರಲ್ಲಿ ಹಿತ್ತಲ ಕೊಟ್ಟಿಗೆಯಿಂದ ಧೊಪ್ಪೆಂದು ಏನೋ ಬಿದ್ದ ಸದ್ದು. ಅದರ ಹಿಂದೆಯೇ ಭಾರವಾದ ಏದುಸಿರು, ಜೊತೆಗೊಂದು ಗುಟುರು.

ಉಶಿಮಾರು ಸರಸರನೆ ಗಾಜು ಏರಿಸಿದ. ಉಳಿದ ಎರಡು ಬೆರಳಿನ ಸಂದಿಯಿಂದ ಹೇಳಿದ: "ನೀವ್ ಹೋಗಿ ನೋಡಿ. ನಾನಿಲ್ಲಿಂದ ಹಾರ್ನ್ ಹೊಡೀತಾ ಇರ್ತೀನಿ. ಧೈರ್ಯವಾಗಿ ಹೋಗಿ!"

ಓಡಿಹೋಗಲು ಕಾಲುಗಳು ಸಿದ್ಧವಿದ್ದವು. ಆದರೆ ಅಜ್ಜಿ ಅರ್ಧ ಜೀವದಲ್ಲಿ ಒಳಗೇ ಇದ್ದರೆ? ಆರು ದಿನ ಹಲಗೆ ಇಟ್ಟುಕೊಂಡವರು ತಾವು. ಮಿನೆಗಿಶಿಯವರು ಕಣ್ಣು ಮುಚ್ಚಿ, ಬಾಣಲೆಯನ್ನು ಗುರಾಣಿಯಂತೆ ಮುಖಕ್ಕೆ ಹಿಡಿದು, ಕಾಲಿನಿಂದ ಬಾಗಿಲು ತಳ್ಳಿದರು.

"ಯಾರದು? ಬಾಗ್ಲು ಮುರೀತೀಯೇನು?"

ಶಿಗೆನೊ ಅಜ್ಜಿ ಪೀಪಾಯಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪ್ಲಮ್ ಹಣ್ಣಿಗೆ ಉಪ್ಪು ಬೆರೆಸಿ ಮೇಲೆ ಕಲ್ಲು ಹೇರುತ್ತಿದ್ದಳು. ಬಿದ್ದದ್ದು ಕಲ್ಲು; ಏದುಸಿರು, ಗುಟುರು ಎರಡೂ ಅವಳವು. ಕಾಲಲ್ಲಿ ಒಂದೇ ಬೂಟು.

"ಅಜ್ಜಿ! ಬದುಕಿದ್ದೀರಾ!"

"ಯಾಕೆ, ಬೇಜಾರಾಯ್ತಾ? ಮೂರು ದಿನದಿಂದ ಈ ಹಣ್ಣಿನ ಹಿಂದೇನೇ ಇದೀನಿ, ಬಕೆಟ್ಟು ಬಿದ್ರೆ ಎತ್ತೋಕೂ, ಬೂಟು ಕಳಚಿದ್ರೆ ಹಾಕ್ಕೊಳ್ಳೋಕೂ ಪುರುಸೊತ್ತಿಲ್ಲ."

ಮಿನೆಗಿಶಿಯವರು ನೆಲದ ಮೇಲೆ ಮಂಡಿಯೂರಿ, ಹಣೆ ಮಣ್ಣಿಗೆ ತಾಗುವಂತೆ ಬಾಗಿ, ಎರಡೂ ಕೈಯಲ್ಲಿ ಹಲಗೆ ಚಾಚಿದರು. ಅಜ್ಜಿ ಕನ್ನಡಕ ಏರಿಸಿ ಓದಿದಳು. ಆಮೇಲೆ ಪಟ್ಟಿಯ ತಾರೀಖುಗಳ ಮೇಲೆ ನಿಧಾನವಾಗಿ ಬೆರಳು ಓಡಿಸಿದಳು. ಹೊರಗೆ ಹಾರ್ನ್ ಬಡಿಯುತ್ತಲೇ ಇತ್ತು.

"ಒಂಬತ್ತಕ್ಕೆ ಬಂದಿದ್ದು ನಿನ್ನ ಮನೇಲಿ ಕೂತಿತ್ತು. ನಾನು ಕರಡಿಗೆ ತಿಂಡಿ ಇಟ್ಕೊಂಡು ಮಲಗ್ತಿದ್ದೆ. ಚೆನ್ನಾಗಿದೆ."

"ಮರೆತುಬಿಟ್ಟೆ ಅಜ್ಜಿ. ಕ್ಷಮೆಗೂ ಯೋಗ್ಯನಲ್ಲ."

"ಏಳು. ನಿನ್ನ ಮುಂದೆ ಒಂಬತ್ತು ಅಂತ ಹಾಕು."

"ಸುಳ್ಳು ತಾರೀಖಾ?" ಕರಡಿಗೆ ನಡುಗದಷ್ಟು ನಡುಗಿದರು.

"ಹಾಕು ಅಂದ್ನಲ್ಲ. ನಾನೂ ಒಂಬತ್ತೇ ಹಾಕ್ತೀನಿ. ಹಲಗೆ ನನ್ನತ್ರಾನೇ ಉಳೀತು. ಮುದುಕಿ ಮರೆತ್ಲು ಅಂದ್ರೆ ಯಾರು ಕೇಳ್ತಾರೆ?"

ಮಿನೆಗಿಶಿಯವರು ತಮ್ಮ ಹೆಸರಿನ ಮುಂದೆ ಒಂಬತ್ತು ಬರೆದರು. ಅಜ್ಜಿ ಉಪ್ಪಿನ ಕೈ ಒರೆಸಿಕೊಂಡು, ತಾನೂ ಒಂಬತ್ತು ಬರೆದು ಮೊಹರು ಒತ್ತಿದಳು. ಮಿನೆಗಿಶಿಯವರ ಕಣ್ಣು ತುಂಬಿತು. ಪಾರಾದೆ ಎಂದುಕೊಂಡರು.

ಹಾರ್ನ್ ನಿಂತಿತು. ಉಶಿಮಾರು ಬಾಗಿಲಲ್ಲಿ ಇಣುಕಿದ. "ಕರಡಿ ಓಡಿಹೋಯ್ತಾ?"

"ಬಾರೋ ಮುಖ್ಯಸ್ಥ," ಎಂದಳು ಅಜ್ಜಿ. "ಹಲಗೆ ನನ್ನತ್ರಾನೇ ಇತ್ತು, ಮರೆತೇ ಹೋಗಿತ್ತು ನೋಡು. ಅಂದ್ಹಾಗೆ ಕರಡಿ ಕಾವಲಿಗೆ ಇನ್ನೂ ಯಾರೂ ಸಿಕ್ಕಿಲ್ಲ ತಾನೆ?"

"ಎಲ್ರಿಗೂ ಮಂಡಿನೋವಂತೆ ಅಜ್ಜಿ."

"ಈ ಮನುಷ್ಯ ಇದ್ದಾನಲ್ಲ. ನನಗೋಸ್ಕರ ಕರಡಿ ಬಾಯಿಗೆ ನುಗ್ಗಿದೋನು."

"ನನ್ನ ಬಾಯಿಂದ ಮಾತೇ ಕಸ್ಕೊಂಡ್ರಿ!" ಉಶಿಮಾರು ಮಿನೆಗಿಶಿಯವರ ಕೈ ಹಿಡಿದು ಕುಲುಕಿದ. "ದಿನಾ ಬೆಳಗಿನ ಜಾವ ನಾಲ್ಕೂವರೆಗೆ, ಕಾಡಿನಂಚಲ್ಲಿ ಒಂದು ಸುತ್ತು. ಒಬ್ರೇ. ನವೆಂಬರ್‌ವರೆಗೆ ಅಷ್ಟೇ."

"ನೋಡಿ, ನನಗೆ ಆ ಹೊತ್ತಲ್ಲಿ..." ಎಂದು ಮಿನೆಗಿಶಿಯವರು ಬಾಯಿ ತೆರೆದರು.

ಅಜ್ಜಿ ಹಲಗೆಯನ್ನು ಬೆಳಕಿಗೆ ಹಿಡಿದಳು. "ಅಯ್ಯೋ, ಈ ಒಂಬತ್ತು... ಶಾಯಿ ಇನ್ನೂ ಒಣಗೇ ಇಲ್ವಲ್ಲ?"

ಮಿನೆಗಿಶಿಯವರು ಸೊಂಟದವರೆಗೆ ಬಾಗಿದರು. "ನನ್ನ ಭಾಗ್ಯ."

ಹೊಸ ಕಾವಲುಗಾರರ ನೇಮಕದ ಸೂಚನೆ ಹೊತ್ತು ಹಲಗೆ ಅಂದೇ ಮಧ್ಯಾಹ್ನ ಹೊರಟಿತು. ಆ ಜಡಿಮಳೆಯಲ್ಲೂ ಹದಿನೇಳು ಮನೆ ಸುತ್ತಿ, ಎಲ್ಲರ ಮೊಹರು ಹೊತ್ತು ವಾಪಸು ಬರಲು ಅದಕ್ಕೆ ಹಿಡಿದದ್ದು ನಲವತ್ತು ನಿಮಿಷ.